ನಡೆದು ಬಂದ ಶಾಲೆ

ನಾಲ್ಕು ಮೈಲಿ ನಡೆದು ಹೋಗುತ್ತಿದ್ದೆವು ನಾವು,
ಜೇಬಿನಲ್ಲಿ ಎರಡು ಬಿಸಿ ಆಲೂಗಡ್ಡೆ:
ಮೊದಲು ಕೈಗೆ ಕಾವು, ಆಮೇಲೆ ಹೊಟ್ಟೆಗೆ ಊಟ.
ಒಂದು ಜನವರಿಯಲ್ಲಿ ಶಾಲೆಯೇ
ನಾಲ್ಕು ಮೈಲಿ ನಡೆದು ನಮ್ಮಲ್ಲಿಗೆ ಬಂತು.

ನಗಬೇಡಿ. ಸಸ್ಕಾಚೆವಾನಿನ ಬಯಲಲ್ಲಿ
ನೆಲ ಹೆಪ್ಪುಗಟ್ಟಿದಾಗ ಕಟ್ಟಡಕ್ಕೂ ಕಾಲು ಬರುತ್ತದೆ.
ಹಳದಿ ಬಸ್ಸು ಮಕ್ಕಳನ್ನು ಪೇಟೆಗೆ ಒಯ್ಯತೊಡಗಿದ ವರ್ಷ
ಜಿಲ್ಲೆಯವರು ಬಾಗಿಲಿಗೆ ಬೀಗ ಜಡಿದರು.
ಹರಾಜಿನಲ್ಲಿ ಊರು ಕೂಗಿದ್ದು ನೂರಾ ಹತ್ತು ಡಾಲರ್.
ಎದುರು ಕೂಗಿದವನು ಒಬ್ಬನೇ, ಹಂದಿ ಸಾಕುವವನು;
ಹೆಂಡತಿ ತೋಳು ಜಗ್ಗಿ ಕೂರಿಸಿದಳು.

ಓಸಿಪ್ ಹವ್ರಿಲ್ಯುಕ್ ಜಾಕು ಕೊಟ್ಟು ಎತ್ತಿದ.
ಅಡಿಗೆ ಎರಡು ಉದ್ದನೆಯ ತೊಲೆ, ತೊಲೆಗೆ ಕೊಬ್ಬು ಸವರಿ,
ಮುಂದೆ ಎರಡು ಟ್ರ್ಯಾಕ್ಟರು.
ಹೊರಡುವ ಹೊತ್ತಿಗೆ ನೋಡಿದರೆ, ಒಳಗೆ ಮಿಸ್ ಟ್ವೈಟ್!
ಮೂವತ್ತೊಂದು ವರ್ಷ ಕಲಿಸಿದವರು
ತಮ್ಮದೇ ಕುರ್ಚಿಯಲ್ಲಿ,
ತೊಡೆಯ ಮೇಲೆ ಗೋಡೆ ಗಡಿಯಾರ, ಹಸುಗೂಸಿನ ಹಾಗೆ.
‘ಇಳಿಯಿರಿ ಮೇಡಂ’ ಅಂದ ಓಸಿಪ್.
‘ಕೂತ್ಕೋ ಕೂತ್ಕೋ ಅಂತ ನಿನಗೆ ಹೇಳಿ ಸಾಕಾಗಿತ್ತು.
ಈಗ ನಾನು ಕೂತಿದ್ದೇನೆ. ನೀನು ನಡೆಸು.’

ಗಂಟೆಗೆ ಎರಡು ಮೈಲಿ.
ಬಿಳಿಯ ಬಯಲಲ್ಲಿ ಬಿಳಿಯ ಶಾಲೆ;
ದೂರದಿಂದ ಕಂಡದ್ದು ಕಿಟಕಿಗಳು ಮಾತ್ರ,
ಆರು ಕಿಟಕಿ, ಯಾವ ಮನೆಗೂ ಸೇರದೆ ತೇಲುತ್ತಾ.
ಕೆರೆಯ ನಡುವೆ ಬಂದಾಗ ಮಂಜುಗಡ್ಡೆ
ಅಡಿಯಲ್ಲೆಲ್ಲೋ ಟಪ್ಪೆಂದಿತು.
ಟ್ರ್ಯಾಕ್ಟರು ನಿಂತವು. ಗಂಡಸರ ಉಸಿರೂ ನಿಂತಿತು.
ಒಳಗಿಂದ ಗಂಟೆ:
ಒಂದು ಗಂಟೆ, ಊಟದ ಬಿಡುವು ಮುಗಿದಿತ್ತು.
ಆ ಗಂಟೆಗೆ ತಡಮಾಡಿದರೆ ಏನಾಗುತ್ತದೆಂದು
ಅಷ್ಟೂ ಗಂಡಸರಿಗೆ ಗೊತ್ತಿತ್ತು.
ಹೊರಟರು.

ಹಳೆಯ ಜಾಗದಲ್ಲಿ ಈಗ ಗೋಧಿ.
ಅಡಿಪಾಯದ ಕಲ್ಲು ಹಾಗೇ ಇವೆ. ಬಿತ್ತುವ ಯಂತ್ರ
ಒಂದು ಕೋಣೆಯಷ್ಟು ನೆಲ ಬಿಟ್ಟು ಸುತ್ತಿ ಹೋಗುತ್ತದೆ.
ಕಲ್ಲು ಕೀಳಿಸಬಾರದೇ ಎಂದು ಹೊಲದವನನ್ನು ಕೇಳಿದೆ.
‘ವಾಪಸು ಬಂದರೆ?’ ಅಂದ.

ಬರಲಿಲ್ಲ. ಈಗದು ಊರಿನ ಹಾಲ್.
ಕೀಲಿ ನನ್ನಲ್ಲಿದೆ, ಹಿಟ್ಟಿನ ಡಬ್ಬಿಯಲ್ಲಿ.
ಬುಧವಾರ ಬಿಂಗೊ; ಕೊಯ್ಲು ಮುಗಿದರೆ ಕುಣಿತ;
ಯಾರಾದರೂ ತೀರಿಕೊಂಡರೆ ಸ್ಯಾಂಡ್‌ವಿಚ್ಚು, ಕಾಫಿ.
ಕಪ್ಪು ಹಲಗೆಯ ಮೇಲೆ ಪಿರೋಗಿಯ ಲೆಕ್ಕ,
ಯಾರಿಗೆ ಎಷ್ಟು ಡಜನ್. ಗುಣಾಕಾರ ಇವತ್ತಿಗೂ ತಪ್ಪುತ್ತದೆ.

ಕೋಟಿನ ಗೂಟಗಳು ಮಾತ್ರ ಮಕ್ಕಳ ಎತ್ತರಕ್ಕೇ.
ಮುದುಕರು ನಡು ಬಗ್ಗಿಸಿ ಸಿಕ್ಕಿಸುತ್ತಾರೆ,
ಕೋಟಿನಂಚು ನೆಲದ ಕೆಸರೊರೆಸುತ್ತದೆ.
ಮೇಲೆತ್ತಬೇಕೆಂಬ ಠರಾವು ಮೂರು ಸಲ ಬಂತು, ಮೂರು ಸಲ ಬಿತ್ತು.
ನನ್ನದು ಹದಿನಾಲ್ಕನೆಯ ಗೂಟ.
ಬೇರೆ ಯಾರಾದರೂ ತೂಗುಹಾಕಿದರೆ ಏನೂ ಅನ್ನುವುದಿಲ್ಲ,
ಸುಮ್ಮನೆ ತೆಗೆದು ಹದಿನೈದಕ್ಕೆ ಹಾಕುತ್ತೇನೆ.

ಆ ಪಯಣದಲ್ಲಿ ಶಾಲೆಯ ಬೆನ್ನು ಉಳುಕಿತು:
ನೆಲ ಮೂಡಣಕ್ಕೆ ಎರಡು ಬೆರಳು ವಾಲಿದೆ.
ತಟ್ಟೆಯಿಂದ ಜಾರಿದ ಬಟಾಣಿ, ಕಿತ್ತ ಗುಂಡಿ,
ಮದುಮಗಳ ಸರ ಹರಿದು ಚೆಲ್ಲಿದ ಮುತ್ತು,
ಎಲ್ಲವೂ ಉರುಳುವುದು ಒಂದೇ ಮೂಲೆಗೆ.
ಅದು ನನ್ನ ಮೂಲೆ.
ಎಡಗೈಯಲ್ಲಿ ಬರೆದೆನೆಂದು ನಿಲ್ಲಿಸಿದ್ದು ಅಲ್ಲಿ,
ಗೋಡೆಗೆ ಮುಖ, ಮಣಿಕಟ್ಟಿಗೆ ಕೆಂಪು ಉಣ್ಣೆಯ ದಾರ.
ಕಟ್ಟಿದವರು ಮಿಸ್ ಟ್ವೈಟ್.
ಚಳಿಗೆ ಸೆಟೆದ ನನ್ನ ಕಾಲನ್ನು ತಮ್ಮ ಮಡಿಲಲ್ಲಿಟ್ಟು
ಉಜ್ಜಿದವರೂ ಅವರೇ.
ಒಂದರಿಂದ ಒಂದನ್ನು ಕಳೆದರೆ ಉಳಿಯುವುದೆಷ್ಟು?
ಎಪ್ಪತ್ತು ದಾಟಿತು, ಲೆಕ್ಕ ಕೂಡಿಲ್ಲ.

ಮೊನ್ನೆ ಚುನಾವಣೆಗೆ ಅದೇ ಮೂಲೆಯಲ್ಲಿ ರಟ್ಟಿನ ಮರೆ.
ಮೇಜಿನ ಬಲಗಡೆ ದಾರ ಕಟ್ಟಿದ ಮೊಂಡು ಪೆನ್ಸಿಲು.
ಎಡಗೈಗೆ ಎಟುಕಲಿಲ್ಲ. ಜಗ್ಗಿದೆ.
ದಾರ ಕಿತ್ತು ಬಂತು.
ಗುರುತು ಹಾಕಿದೆ,
ಹಾಕಿದವಳೇ ಬೆಚ್ಚಿ ಹಿಂದೆ ತಿರುಗಿದೆ.

ಕೈಜಾರಿದ ಪೆನ್ಸಿಲು ನೆಲಕ್ಕೆ ಬಿತ್ತು.
ಎಲ್ಲಿಗೂ ಉರುಳಲಿಲ್ಲ.